ಗೋಡೆಯ ಮೇಲೊಂದು ಪ್ರಶ್ನೆಪತ್ರಿಕೆ



ಪರೀಕ್ಷೆ ಮುಗಿದ ದಿನ ಶಾಲೆಯ ಗೇಟಿನ ಬಳಿ ನಿಂತರೆ ತಾಯಂದಿರ ಬಾಯಿಂದ ಒಂದು ಮಾತು ಕೇಳಿಬರುತ್ತದೆ. "ಈ ಸಲ ಪೇಪರ್ ಸೆಟ್ ಮಾಡಿದವರು ಯಾರು?" ಮಕ್ಕಳು ನಗುತ್ತಾ ಹೊರಬಂದ ದಿನ ಯಾರೂ ಹಾಗೆ ಕೇಳುವುದಿಲ್ಲ. ಅಳುತ್ತಾ ಬಂದ ದಿನ ಮಾತ್ರ ಪ್ರಶ್ನೆಪತ್ರಿಕೆಯ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ ಎಂಬುದು ನೆನಪಾಗುತ್ತದೆ. ಉತ್ತರ ಬರೆಯುವುದಕ್ಕಿಂತ ಪ್ರಶ್ನೆ ತಯಾರಿಸುವುದೇ ಕಷ್ಟ ಎಂದರೆ ನೀವು ನಂಬಲಿಕ್ಕಿಲ್ಲ. ಇಪ್ಪತ್ತು ವರ್ಷ ಆ ಕೆಲಸ ಮಾಡಿದವಳಾಗಿ ನಾನು ಹೇಳುತ್ತೇನೆ, ಹೌದು, ಅದೇ ಕಷ್ಟ. ಈ ತಿಂಗಳು ನಾನು ಹೇಳಹೊರಟಿರುವುದು ಕಾಗದದ ಮೇಲಲ್ಲದೆ ಗೋಡೆಯ ಮೇಲೆ ಪ್ರಶ್ನೆಪತ್ರಿಕೆ ತಯಾರಿಸುವವರ ವಿಷಯ.

ನಿಮ್ಮಲ್ಲಿ ಕೆಲವರು ಅಂಥ ಗೋಡೆಯನ್ನು ನೋಡಿರಬಹುದು, ಬೆಂಗಳೂರಿನಲ್ಲೋ, ಮನೆಯವರು ದುಡಿಯುತ್ತಿರುವ ಕೊಲ್ಲಿಯ ಯಾವುದಾದರೂ ನಗರದಲ್ಲೋ. ದೊಡ್ಡ ಶೆಡ್ಡಿನಂಥ ಕಟ್ಟಡ, ಒಳಗೆ ನಾಲ್ಕರಿಂದ ನಾಲ್ಕೂವರೆ ಮೀಟರ್ ಎತ್ತರದ ಪ್ಲೈವುಡ್ ಗೋಡೆ. ಅದರ ತುಂಬ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಪ್ಲಾಸ್ಟಿಕ್ ಕಲ್ಲುಗಳು. ಕೆಳಗೆ ಒಂದಡಿಗೂ ಮಿಕ್ಕಿದ ದಪ್ಪದ ಹಾಸು. ಹಗ್ಗವಿಲ್ಲ, ಬೆಲ್ಟಿಲ್ಲ. ಜನ ಬರಿಗೈಯಲ್ಲಿ ಏರುತ್ತಾರೆ, ಬಿದ್ದರೆ ಹಾಸಿನ ಮೇಲೆ ಬೀಳುತ್ತಾರೆ. ಇದಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಒಂದು ಬಣ್ಣದ ಕಲ್ಲುಗಳೆಲ್ಲ ಸೇರಿ ಒಂದು ದಾರಿ. ಹಳದಿ ಹಿಡಿದು ಆರಂಭಿಸಿದವರು ಹಳದಿಯನ್ನೇ ಹಿಡಿದು, ಹಳದಿಯ ಮೇಲೆಯೇ ಕಾಲಿಟ್ಟು ತುದಿ ಮುಟ್ಟಬೇಕು. ಪಕ್ಕದ ನೀಲಿ ಕಲ್ಲು ಎಷ್ಟೇ ಹತ್ತಿರವಿದ್ದರೂ ಮುಟ್ಟುವಂತಿಲ್ಲ. ತುದಿಯ ಕಲ್ಲನ್ನು ಎರಡೂ ಕೈಗಳಿಂದ ಹಿಡಿದು ಒಂದು ಕ್ಷಣ ನಿಂತರೆ ಅದು ಮುಗಿದಂತೆ.

ಇಂಥ ಒಂದೊಂದು ದಾರಿಗೆ ಏರುವವರು ಇಟ್ಟಿರುವ ಹೆಸರು 'ಪ್ರಾಬ್ಲಮ್'. ಎಂದರೆ ಸಮಸ್ಯೆ. "ಮನೆಯಲ್ಲಿರುವ ಸಮಸ್ಯೆಗಳು ಸಾಲದೇ, ದುಡ್ಡು ಕೊಟ್ಟು ಬೇರೆ ಸಮಸ್ಯೆ ಏರಬೇಕೇ?" ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಅವರು ಗಣಿತದ ಟೀಚರ್, ಆ ಮಾತನ್ನು ಅವರೇ ಹೇಳಬಾರದಿತ್ತು! ಬೌಲ್ಡರಿಂಗನ್ನು ಒಂದು ಸ್ವತಂತ್ರ ಕಲೆಯಾಗಿ ಬೆಳೆಸಿದ ಅಮೆರಿಕದ ಜಾನ್ ಗಿಲ್ ಗಣಿತದ ಪ್ರಾಧ್ಯಾಪಕರಾಗಿದ್ದವರು. ಅಂಗಸಾಧನೆಯಿಂದ ಬಂದ ಅವರು, 1950ರ ದಶಕದಲ್ಲಿ, ಕೈ ಬೆವರದಿರಲು ಜಿಮ್ನಾಸ್ಟರು ಬಳಸುವ ಬಿಳಿ ಪುಡಿಯನ್ನು ಬಂಡೆ ಏರುವವರಿಗೆ ಪರಿಚಯಿಸಿದರು. ಅದನ್ನೂ ಚಾಕ್ ಎಂದೇ ಕರೆಯುತ್ತಾರೆ. ಆದರೆ ಅದು ನಮ್ಮ ಕರಿಹಲಗೆಯ ಸೀಮೆಸುಣ್ಣವಲ್ಲ, ಮ್ಯಾಗ್ನೀಸಿಯಮ್ ಕಾರ್ಬನೇಟ್.

ಇನ್ನು ಆ ಕಲ್ಲುಗಳನ್ನು ಗೋಡೆಯ ಮೇಲೆ ಅಲ್ಲಲ್ಲೇ ಇಡುವವರು ಯಾರು? ಕೈಗೆ ಸಿಕ್ಕಿದ್ದನ್ನು ಕಂಡಲ್ಲಿ ಬಿಗಿದಿದ್ದಾರೆ ಎಂದೇ ನಾನೂ ಎಣಿಸಿದ್ದೆ, ನೀವೂ ಹಾಗೇ ಎಣಿಸಿರುತ್ತೀರಿ. ಅದಕ್ಕೆಂದೇ ಜನರಿದ್ದಾರೆ, ಅವರಿಗೆ ಸೆಟ್ಟರ್ ಎನ್ನುತ್ತಾರೆ. ನಮ್ಮ ಪೇಪರ್ ಸೆಟ್ಟರ್ ಇದ್ದಂತೆ. ನನಗೆ ಇದು ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಒಂದು ಸಂಜೆ ಫೋನ್ ಮಾಡಿದಾಗ. "ಟೀಚರ್, ನೀವೊಮ್ಮೆ ಅವಳಿಗೆ ಬುದ್ಧಿ ಹೇಳಬೇಕು. ನೀವು ಹೇಳಿದರೆ ಕೇಳ್ತಾಳೆ. ಬಿ.ಕಾಂ. ಓದಿಸಿದ್ದು ಗೋಡೆಗೆ ಸ್ಕ್ರೂ ಹೊಡೀಲಿಕ್ಕಾ?"

ಹುಡುಗಿ ಬೆಂಗಳೂರಿನ ಕಂಪೆನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. ಸಂಜೆ ಗೆಳತಿಯರ ಜೊತೆ ಏರಲು ಹೋಗಿ, ಆಮೇಲೆ ಶನಿವಾರ, ಭಾನುವಾರ ಅಲ್ಲಿಯೇ ಸೆಟ್ ಮಾಡುವುದನ್ನು ಕಲಿಯಲು ನಿಂತಿದ್ದಳು. ಈಗ ಕಂಪೆನಿ ಕೆಲಸ ಬಿಟ್ಟು ಅದನ್ನೇ ಮಾಡುತ್ತೇನೆ ಎನ್ನುತ್ತಿದ್ದಾಳೆ. ತಂದೆ ಇಲ್ಲ, ಅಣ್ಣ ಸೌದಿಯಲ್ಲಿ, ಮನೆಯಲ್ಲಿ ಮದುವೆಯ ಮಾತುಕತೆ. ತಾಯಿಯ ಆತಂಕ ಸಣ್ಣದೇನಲ್ಲ. ಬುದ್ಧಿ ಹೇಳುವ ಮೊದಲು ವಿಷಯವೇನೆಂದು ತಿಳಿಯಬೇಕಲ್ಲವೇ? ಹಾಗಾಗಿ ಅವಳನ್ನೇ ಕೂರಿಸಿ ಕೇಳಿದೆ. ಎರಡು ಗಂಟೆ ಮಾತಾಡಿದಳು. ತರಗತಿಯಲ್ಲಿ ಎದ್ದು ನಿಂತು ಒಂದು ವಾಕ್ಯ ಹೇಳಲು ಹಿಂಜರಿಯುತ್ತಿದ್ದ ಹುಡುಗಿ ಅದು.

ಮೊದಲ ಎರಡು ತಿಂಗಳು ಅವಳಿಗೆ ಕೊಟ್ಟದ್ದು ಬಿಚ್ಚುವ ಮತ್ತು ತೊಳೆಯುವ ಕೆಲಸ. ಗೋಡೆಯ ಸಮಸ್ಯೆಗಳನ್ನು ಕೆಲವು ವಾರಗಳಿಗೊಮ್ಮೆ ಭಾಗ ಭಾಗವಾಗಿ ಬದಲಾಯಿಸುತ್ತಾರೆ, ಇಲ್ಲದಿದ್ದರೆ ಬರುವವರಿಗೆ ಬಾಯಿಪಾಠವಾಗಿಬಿಡುತ್ತದೆ. ಬಿಚ್ಚಿದ ಕಲ್ಲುಗಳಲ್ಲಿ ಬಿಳಿ ಪುಡಿ, ಬೆವರು, ಬೂಟಿನ ರಬ್ಬರು ಮೆತ್ತಿಕೊಂಡು ಜಾರುತ್ತಿರುತ್ತವೆ. ಬಿರಿಯಾನಿಯ ತಳ ಹಿಡಿದ ಪಾತ್ರೆ ತಿಕ್ಕಿದವರಿಗೆ ಅದರ ಕಷ್ಟ ಗೊತ್ತು. "ತೊಳೆದು ತೊಳೆದೇ ಟೀಚರ್, ಒಂದೊಂದು ಕಲ್ಲಿನ ಪರಿಚಯವಾದದ್ದು" ಎಂದಳು. ಅದು ನಿಜವಿರಬೇಕು. ಕಲ್ಲುಗಳಲ್ಲಿ ಜಾತಿಗಳಿವೆ. ಜಗ್ ಎಂಬುದು ಬಿಂದಿಗೆಯ ಬಾಯಿಯಂತೆ, ಕೈ ಪೂರ್ತಿ ಒಳಹೋಗುತ್ತದೆ, ಮಗುವೂ ಹಿಡಿದು ತೂಗಾಡಬಹುದು. ಕ್ರಿಂಪ್ ಎಂದರೆ ಬೆರಳ ತುದಿಯಷ್ಟೇ ಕೂರುವ ಅಂಚು, ಕಿಟಕಿಯ ಚೌಕಟ್ಟಿನ ಹಾಗೆ. ಸ್ಲೋಪರ್ ಬೋರಲು ಹಾಕಿದ ಬಾಣಲೆಯಂತೆ ನುಣ್ಣಗೆ, ಹಿಡಿಯಲು ಏನೂ ಇಲ್ಲ, ಅಂಗೈಯನ್ನು ಒತ್ತಿ ಇಟ್ಟು ದೇಹವನ್ನು ಅದರ ಕೆಳಗೆ ತಂದರೆ ಮಾತ್ರ ನಿಲ್ಲುತ್ತದೆ. ಪಿಂಚ್ ಇಟ್ಟಿಗೆ ಎತ್ತುವಂತೆ, ಹೆಬ್ಬೆರಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಒಂದೆರಡು ಬೆರಳು ಮಾತ್ರ ತೂರುವ ತೂತಿನವೂ ಇವೆ, ಅವುಗಳನ್ನು ಹೊಸಬರ ದಾರಿಯಲ್ಲಿ ಇಡುವುದಿಲ್ಲ.

ಗೋಡೆಯ ಪ್ಲೈವುಡ್ಡಿನಲ್ಲಿ ಸಾಲು ಸಾಲು ತೂತುಗಳು, ಹಿಂದೆ ಒಂದೊಂದು ತೂತಿಗೂ ಕೂರಿಸಿದ ನಟ್ಟು. ಕಲ್ಲಿನ ನಡುವಿನ ತೂತಿನಿಂದ ಬೋಲ್ಟು ತೂರಿಸಿ ಡ್ರಿಲ್ಲಿನಂಥ ಯಂತ್ರದಲ್ಲಿ ಬಿಗಿಯುತ್ತಾರೆ. ಸಡಿಲವಾದರೆ ಹಿಡಿದವರ ಕೈಯಲ್ಲಿ ಕಲ್ಲು ಗಿರ್ರನೆ ತಿರುಗುತ್ತದೆ, ಅತಿಯಾಗಿ ಬಿಗಿದರೆ ಬಿರುಕು ಬಿಡುತ್ತದೆ. ಇಷ್ಟೂ ಕಲಿಯಲು ಎರಡು ದಿನ ಸಾಕು. ನಿಜವಾದ ಕಲಿಕೆ ಆಮೇಲೆ.

ಅವಳ ಮೊದಲ ಸಮಸ್ಯೆಗೆ ಹಿರಿಯ ಸೆಟ್ಟರ್ ಐದೇ ಕಲ್ಲು ಕೊಟ್ಟರಂತೆ. ರಾತ್ರಿಯೆಲ್ಲ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು, ಬಲಗೈ ಇಲ್ಲಿ, ಎಡಗೈ ಅಲ್ಲಿ ಎಂದು ಲೆಕ್ಕ ಹಾಕಿಕೊಂಡು ಹೋದಳು. ಬಿಗಿದು ಏರಲು ನೋಡಿದರೆ ನೆಲ ಬಿಡಲೂ ಆಗಲಿಲ್ಲ. "ಕೈಗೆ ಮಾತ್ರ ಜಾಗ ಮಾಡಿದ್ದೀಯ, ಕಾಲು ಎಲ್ಲಿಡಲಿ?" ಎಂದರು ಅವರು. ಏರುವುದು ತೋಳಿನ ಕೆಲಸ ಎಂದು ನೋಡುವವರಿಗೆ ಕಾಣುತ್ತದೆ, ಮಾಡುವುದು ಕಾಲು. ಕಾಲಿನ ಕಲ್ಲನ್ನು ಒಂದು ಗೇಣು ಈಚೆಗೆ ಸರಿಸಿದರೆ ಅಸಾಧ್ಯವಾದದ್ದು ಸಲೀಸಾಗುತ್ತದೆ, ಆಚೆಗೆ ಸರಿಸಿದರೆ ಸಲೀಸಾದದ್ದು ಅಸಾಧ್ಯವಾಗುತ್ತದೆ. ಎಡಗೈ ಎಡಗಾಲು ಎರಡೂ ಒಂದೇ ಗೆರೆಯಲ್ಲಿದ್ದರೆ ದೇಹ ಕೀಲಿನ ಮೇಲೆ ಬಾಗಿಲು ತೆರೆದುಕೊಂಡಂತೆ ಗೋಡೆಯಿಂದ ಹೊರಕ್ಕೆ ತಿರುಗಿಬಿಡುತ್ತದೆ. ಆ ಬಾಗಿಲನ್ನು ತಡೆಯಲು ಬಲಗಾಲಿಗೆ ಗೋಲಿಯಷ್ಟು ಸಣ್ಣ ಕಲ್ಲೊಂದು ಸಾಕು. ಇಲ್ಲವೇ ಕೈಯ ಕಲ್ಲನ್ನೇ ಗಡಿಯಾರದ ಮುಳ್ಳಿನ ಹಾಗೆ ತುಸು ತಿರುಗಿಸಿದರೂ ಸಾಕು. ಕೆಳಕ್ಕೆ ಎಳೆಯಬೇಕಾಗಿದ್ದ ಕಲ್ಲನ್ನು ಪಕ್ಕಕ್ಕೆ ಎಳೆಯಬೇಕಾಗುತ್ತದೆ, ಪಕ್ಕಕ್ಕೆ ಎಳೆಯಬೇಕಾದರೆ ದೇಹ ಓರೆಯಾಗಬೇಕು, ಓರೆಯಾದರೆ ಕಾಲು ಬದಲಾಗಬೇಕು. ಒಂದೇ ಬೋಲ್ಟು, ಒಂದೇ ಕಲ್ಲು. ಸೆಟ್ಟರ್ ಏಣಿಯ ಮೇಲೆ ನಿಂತು ಅರ್ಧ ದಿನ ಮಾಡುವುದು ಬಹುಪಾಲು ಇದನ್ನೇ.

ಹೊಸದಾಗಿ ಕಲಿಯುವವರಿಗೆ ಗೋಡೆ ಬೇಡ, ಫೋನ್ ಸಾಕು ಎನ್ನುವ ಕಾಲವೂ ಬಂದಿದೆ. ಮೂನ್ ಬೋರ್ಡ್ ಎಂಬ ಒಂದು ಹಲಗೆಯಿದೆ. ಅಡ್ಡಕ್ಕೆ 11, ಉದ್ದಕ್ಕೆ 18 ಸಾಲು, ಜಗತ್ತಿನ ಎಲ್ಲ ಕಡೆಯೂ ಅವೇ ಕಲ್ಲು ಅದೇ ಜಾಗದಲ್ಲಿ. ಫೋನಿನಲ್ಲಿ ನಿಮಗೆ ಬೇಕಾದ ಕಲ್ಲುಗಳನ್ನು ಆರಿಸಿದರೆ ಅವುಗಳ ಬುಡದಲ್ಲಿ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಬೆಂಗಳೂರಿನ ಹುಡುಗಿ ಆರಿಸಿದ ಸಮಸ್ಯೆಯನ್ನು ಇನ್ನೊಂದು ದೇಶದ ಹುಡುಗ ಅದೇ ದಿನ ಏರಬಹುದು. ಇವಳು ಅದರಲ್ಲಿ ತುಂಬ ಅಭ್ಯಾಸ ಮಾಡಿದ್ದಾಳೆ. ಆದರೆ ಆ ಹಲಗೆಯ ಕಲ್ಲುಗಳು ಕದಲುವುದಿಲ್ಲ, ಕಲ್ಲು ತಿರುಗಿಸುವ ವಿದ್ಯೆ ಅಲ್ಲಿ ಸಿಗುವುದಿಲ್ಲ.

ಗೋಡೆಯ ಕಥೆ ಆರಂಭವಾದದ್ದೂ ಕದಲದ ಕಲ್ಲುಗಳಿಂದಲೇ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರಾಗಿದ್ದ ಡಾನ್ ರಾಬಿನ್ಸನ್ 1964ರಲ್ಲಿ ಕಾರಿಡಾರಿನ ಇಟ್ಟಿಗೆ ಗೋಡೆಯಲ್ಲಿ ಕಲ್ಲಿನ ತುಂಡುಗಳನ್ನು ಕೂರಿಸಿ ಏರುವ ಗೋಡೆ ಮಾಡಿದರು. ಇಂಥ ಗೋಡೆಗಳಲ್ಲಿ ಮೊದಮೊದಲಿನವುಗಳಲ್ಲಿ ಅದೊಂದು. ಮಳೆಗಾಲವೋ ಚಳಿಗಾಲವೋ, ಹೊರಗಿನ ಬಂಡೆ ಒದ್ದೆಯಾಗಿದ್ದರೂ ಹುಡುಗರು ಕಾರಿಡಾರಿನಲ್ಲಿ ಅಭ್ಯಾಸ ಮಾಡಬಹುದಾಗಿತ್ತು. ಕಲ್ಲು ಕೀಳಲು ಆಗದ ಗೋಡೆಯಲ್ಲಿ ಹೊಸ ಸಮಸ್ಯೆ ಬೇಕೆಂದರೆ ಒಂದೇ ಉಪಾಯ, ಆ ಕಲ್ಲು ಮುಟ್ಟಬಾರದು, ಈ ಕಲ್ಲಿಗೆ ಕಾಲು ಇಡಬಾರದು ಎಂದು ಷರತ್ತು ಹಾಕಿಕೊಳ್ಳುವುದು. ಕುಂಟಾಬಿಲ್ಲೆ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಕ್ಕೂ ಮುಂಚೆ, ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಫಾಂಟೆನ್‌ಬ್ಲೋ ಕಾಡಿನಲ್ಲಿ 1947ರಲ್ಲಿಯೇ ಬಂಡೆಗಳ ಮೇಲೆ ಬಣ್ಣದ ಗುರುತು ಬರೆದು ದಾರಿ ತೋರಿಸುವ ಪದ್ಧತಿ ಶುರುವಾಗಿತ್ತು. ಹಳದಿ ಸುಲಭ, ಕಿತ್ತಳೆ, ನೀಲಿ, ಕೆಂಪು ಎಂದು ಏರುತ್ತಾ ಕಪ್ಪು ಕಠಿಣ. ಇಂದಿನ ಗೋಡೆಗಳ ಬಣ್ಣದ ಲೆಕ್ಕಕ್ಕೆ ಅಲ್ಲಿಯ ನೆನಪಿದೆ. ಅಮೆರಿಕದಲ್ಲಿ ಹಣ ಕೊಟ್ಟು ಏರುವ ಮೊದಲ ಒಳಾಂಗಣ ಕೇಂದ್ರ 1987ರಲ್ಲಿ ಸಿಯಾಟಲ್‌ನಲ್ಲಿ ತೆರೆಯಿತು.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಹಂಪಿಯ ಕಣಶಿಲೆಯ ಗುಂಡುಗಳು ಜಗತ್ತಿನಾದ್ಯಂತ ಬೌಲ್ಡರಿಂಗ್ ಮಾಡುವವರಿಗೆ ಗೊತ್ತು. ಅಮೆರಿಕದ ಕ್ರಿಸ್ ಶರ್ಮ ಅಲ್ಲಿ ಏರಿದ್ದರ ಚಿತ್ರ 2003ರಲ್ಲಿ ಬಂದ ಮೇಲೆ ಇನ್ನಷ್ಟು ಜನ ಬಂದರು. ಬಾದಾಮಿಯ ಮರಳುಗಲ್ಲಿನ ಗೋಡೆಗಳಿಗೆ ಹಗ್ಗ ಕಟ್ಟಿಕೊಂಡು ಏರುವವರು ಬರುತ್ತಾರೆ. ಆದರೆ ಅಲ್ಲೆಲ್ಲ ಸೆಟ್ಟರ್ ಇಲ್ಲ. ಅಲ್ಲಿಯದನ್ನು ಸೆಟ್ ಮಾಡಿದವನು ಸೃಷ್ಟಿಕರ್ತನೇ. ಅವನು ಕೊಟ್ಟಿದ್ದನ್ನು ಹಾಗೆಯೇ ಏರಬೇಕು, ಕೈಗೆ ಎಟುಕದಿದ್ದರೆ ದೂರುವಂತಿಲ್ಲ. ಮನುಷ್ಯ ಸೆಟ್ ಮಾಡಿದ ಗೋಡೆಯ ಮೇಲೆ ದೂರಬಹುದು. ಅಂಥ ಒಂದು ದೂರು 2024ರಲ್ಲಿ ಲೋಕವೆಲ್ಲ ಕೇಳಿತು.

ಪ್ಯಾರಿಸ್ ಒಲಿಂಪಿಕ್ಸ್, ಆಗಸ್ಟ್ 10, ಮಹಿಳೆಯರ ಫೈನಲ್. ನಾಲ್ಕು ಬೌಲ್ಡರ್ ಸಮಸ್ಯೆಗಳು, ಒಂದೊಂದಕ್ಕೆ 25 ಅಂಕ, ಆಮೇಲೆ ಹಗ್ಗದೊಂದಿಗೆ ಎತ್ತರದ ಗೋಡೆ ಏರುವ ಲೀಡ್ ವಿಭಾಗಕ್ಕೆ 100 ಅಂಕ. ಈ ಸ್ಪರ್ಧೆಗಳಲ್ಲಿ ಗೌಪ್ಯತೆ ನಮ್ಮ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಿಂತ ಬಿಗಿ. ಸೆಟ್ಟರುಗಳ ತಂಡ ಮುಚ್ಚಿದ ಬಾಗಿಲ ಹಿಂದೆ ಸಮಸ್ಯೆಗಳನ್ನು ಬಿಗಿದು, ಏರಿ ನೋಡಿ, ತಿದ್ದುತ್ತದೆ. ಸ್ಪರ್ಧಿಗಳು ಫೋನ್ ಒಪ್ಪಿಸಿ ಪ್ರತ್ಯೇಕ ಕೋಣೆಯಲ್ಲಿರುತ್ತಾರೆ. ಫೈನಲ್ಲಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆತಂದು ಒಂದೊಂದು ಸಮಸ್ಯೆಯನ್ನು ಎರಡೆರಡು ನಿಮಿಷ ಕೆಳಗಿನಿಂದ ನೋಡಲು ಬಿಡುತ್ತಾರೆ, ಅಷ್ಟೇ. ಎಲ್ಲರೂ ಎಲ್ಲವನ್ನೂ ಏರಿಬಿಟ್ಟರೆ ಗೆದ್ದವರಾರೆಂದು ತಿಳಿಯದು, ಯಾರೂ ಏರದಿದ್ದರೂ ತಿಳಿಯದು. ಎರಡೂ ಸೆಟ್ಟರಿನ ಸೋಲು.

ಜಪಾನಿನ ಐ ಮೋರಿ ಎಂಬ ಹುಡುಗಿಯ ಎತ್ತರ 154 ಸೆಂಟಿಮೀಟರ್. ಅಡಿಯ ಲೆಕ್ಕದಲ್ಲಿ ಐದಕ್ಕೆ ಒಂದಂಗುಲವಷ್ಟೇ ಹೆಚ್ಚು. ಮೊದಲ ಸಮಸ್ಯೆಯಲ್ಲಿ ಆರಂಭದ ಕಲ್ಲೇ ಎತ್ತರದಲ್ಲಿತ್ತು, ನೆಲದಿಂದ ಜಿಗಿದು ಹಿಡಿಯಬೇಕಾಗಿತ್ತು. ಅವಳು ಮತ್ತೆ ಮತ್ತೆ ಜಿಗಿದಳು. ಎಟುಕಲಿಲ್ಲ. ಸಮಯ ಮುಗಿಯಿತು, ಅಂಕ ಸೊನ್ನೆ. ಅದೇ ಹುಡುಗಿ ಲೀಡ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 96.1 ಅಂಕ ಪಡೆದಳು. ಒಟ್ಟು ಲೆಕ್ಕದಲ್ಲಿ ಸ್ಲೊವೇನಿಯಾದ ಯಾನ್ಯ ಗಾರ್ನ್‌ಬ್ರೆಟ್‌ಗೆ ಚಿನ್ನ, ಅಮೆರಿಕದ ಬ್ರೂಕ್ ರಬೊಟೊಗೆ ಬೆಳ್ಳಿ, ಆಸ್ಟ್ರಿಯಾದ ಜೆಸಿಕಾ ಪಿಲ್ಜ್‌ಗೆ ಕಂಚು. ಐ ಮೋರಿ ನಾಲ್ಕನೆಯವಳು. ಕಂಚಿಗೂ ಅವಳಿಗೂ ಇದ್ದ ಅಂತರ ಹನ್ನೆರಡೂಚಿಲ್ಲರೆ ಅಂಕ.

ಎತ್ತರವಿಲ್ಲದವಳನ್ನು ಬೇಕೆಂದೇ ಹೊರಗಿಟ್ಟರು ಎಂದು ಒಂದು ಕಡೆಯವರು ಬರೆದರು. ಕ್ರೀಡೆ ಎಂದ ಮೇಲೆ ದೇಹದ ವ್ಯತ್ಯಾಸ ಇದ್ದದ್ದೇ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯನ್ನು ಯಾರಾದರೂ ಇಳಿಸುತ್ತಾರೆಯೇ ಎಂದು ಇನ್ನೊಂದು ಕಡೆಯವರು. ಈ ಎರಡನೆಯ ಮಾತಿನಲ್ಲಿಯೂ ತಿರುಳಿದೆ. ಗಿಡ್ಡವರಿಗೆ ಅನುಕೂಲವಾಗುವ ಜಾಗಗಳೂ ಬಂಡೆಯಲ್ಲಿವೆ. ಅಮೆರಿಕದ ಎಲ್ ಕ್ಯಾಪಿಟನ್ ಎಂಬ ಮಹಾಬಂಡೆಯ 'ನೋಸ್' ಎಂಬ ದಾರಿಯನ್ನು 1993ರಲ್ಲಿ ಉಪಕರಣಕ್ಕೆ ಜೋತುಬೀಳದೆ ಕೈಕಾಲಿನಿಂದಲೇ ಏರಿದ ಮೊದಲ ಮನುಷ್ಯ ಒಬ್ಬ ಹೆಂಗಸು, ಲಿನ್ ಹಿಲ್. ಐದಡಿಗಿಂತ ಒಂದೆರಡಂಗುಲ ಹೆಚ್ಚು ಅಷ್ಟೇ. ಗಂಡಸರ ದಪ್ಪ ಬೆರಳು ತೂರದ ಸಂದಿನಲ್ಲಿ ಅವಳ ಸಣ್ಣ ಬೆರಳು ಕೂತವು.

ಆದರೂ ನನಗೆ ಅನಿಸುವುದು ಬೇರೆ. ಉತ್ತರ ಕಷ್ಟವಿರುವುದು ಒಂದು, ಪ್ರಶ್ನೆಪತ್ರಿಕೆಯೇ ಕೈಗೆ ಸಿಗದಿರುವುದು ಇನ್ನೊಂದು. ಐ ಮೋರಿ ಆ ಸಮಸ್ಯೆಯಲ್ಲಿ ಸೋತಳೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ, ಅವಳಿಗೆ ಅದನ್ನು ಬಿಡಿಸಲು ಕೂರಲೇ ಆಗಲಿಲ್ಲ. ಕೊನೆಯ ಕಲ್ಲು ದೂರವಿರಲಿ, ನಡುವಿನದು ದೂರವಿರಲಿ. ಮೊದಲನೆಯದು ಎಲ್ಲರ ಕೈಗೂ ಎಟುಕಬೇಕು. ನನ್ನ ವಿದ್ಯಾರ್ಥಿನಿ ಇದನ್ನು ಪೂರ್ತಿ ಒಪ್ಪುವುದಿಲ್ಲ. "ಎಲ್ಲದರಲ್ಲೂ ಎಲ್ಲರಿಗೂ ಸಮ ಮಾಡಲಿಕ್ಕೆ ಹೋದರೆ ಬರೀ ಏಣಿ ಆಗ್ತದೆ ಟೀಚರ್. ಒಂದು ಸಮಸ್ಯೆ ಉದ್ದದವರಿಗೆ ಸುಲಭ ಆದ್ರೆ ಇನ್ನೊಂದು ಗಿಡ್ಡದವರಿಗೆ ಸುಲಭ ಇರ್ಬೇಕು. ಇಡೀ ಗೋಡೆಯ ಲೆಕ್ಕ ನೋಡ್ಬೇಕು" ಎನ್ನುತ್ತಾಳೆ. ಅವಳ ಎತ್ತರವೂ ಹೆಚ್ಚುಕಡಿಮೆ ಐ ಮೋರಿಯಷ್ಟೇ.

ಸಮಸ್ಯೆಯೇ ಬದಲಾಗದ ಒಂದು ವಿಭಾಗವೂ ಈ ಕ್ರೀಡೆಯಲ್ಲಿದೆ, ವೇಗದ ಏರಿಕೆ. 15 ಮೀಟರ್ ಗೋಡೆ, ಜಗತ್ತಿನ ಎಲ್ಲ ಕಡೆಯೂ ಕಲ್ಲುಗಳು ಅವೇ ಜಾಗದಲ್ಲಿ. ಫಾಂಟೆನ್‌ಬ್ಲೋ ಕಡೆಯ ಜ್ಯಾಕಿ ಗೊಡಾಫ್ ಒಮ್ಮೆ ಸೆಟ್ ಮಾಡಿಕೊಟ್ಟದ್ದು, ಅಷ್ಟೇ. ಇಂಡೊನೇಷ್ಯಾದ ಅರೀಸ್ ಸುಸಂತಿ ರಹಾಯು ತಲೆವಸ್ತ್ರ ಧರಿಸಿಯೇ 2019ರ ಅಕ್ಟೋಬರಿನಲ್ಲಿ ಅದನ್ನು 6.995 ಸೆಕೆಂಡಿನಲ್ಲಿ ಏರಿ, 7 ಸೆಕೆಂಡಿನೊಳಗೆ ಮುಗಿಸಿದ ಮೊದಲ ಮಹಿಳೆಯಾದಳು. ಆ ದಾಖಲೆಯನ್ನು ಅನಂತರ ಬೇರೆಯವರು ಮುರಿದರು. 2024ರಲ್ಲಿ ಅದೇ ದೇಶದ ವೆಡ್ರಿಕ್ ಲಿಯೊನಾರ್ಡೊ ಪುರುಷರ ವಿಭಾಗದಲ್ಲಿ ಒಲಿಂಪಿಕ್ ಚಿನ್ನ ಗೆದ್ದ. ಅಲ್ಲಿ ಅಭ್ಯಾಸವೇ ಎಲ್ಲ. ಬೌಲ್ಡರಿಂಗಿನಲ್ಲಿ ಹಾಗಲ್ಲ, ಬಂದವರ ಮುಂದೆ ಪ್ರತಿ ಸಲವೂ ಕಾಣದ ಪಾಠ ಇರಬೇಕು.

ಇವಳು ಕಲಿಯುತ್ತಿದ್ದ ಜಾಗದಲ್ಲಿ ಸೆಟ್ಟರುಗಳೆಲ್ಲ ಗಂಡುಮಕ್ಕಳು, ಹೆಚ್ಚಿನವರು ಐದೂಮುಕ್ಕಾಲು ಅಡಿಗೂ ಮೀರಿದವರು. ಅವರು 'ಸುಲಭ' ಎಂದು ಚೀಟಿ ಹಚ್ಚಿದ ಸಮಸ್ಯೆಗಳಲ್ಲಿ ಹೊಸದಾಗಿ ಬಂದ ಹೆಂಗಸರು ಎರಡನೆಯ ಕಲ್ಲಿಗೇ ಸಿಕ್ಕಿಕೊಳ್ಳುತ್ತಿದ್ದರು. ಯಾರೂ ದೂರುತ್ತಿರಲಿಲ್ಲ. ತಮ್ಮ ಕೈಯಲ್ಲಿ ಶಕ್ತಿಯಿಲ್ಲ ಎಂದುಕೊಂಡು ಬೂಟು ಬಿಚ್ಚಿ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಅದನ್ನು ಕೂತು ನೋಡಿದವಳು ಇವಳೊಬ್ಬಳೇ. ನಮ್ಮ ಶಾಲೆಗಳಲ್ಲಿಯೂ ಎಷ್ಟು ಮಕ್ಕಳು ಹೀಗೆ 'ನನ್ನ ತಲೆಗೆ ಹತ್ತುವುದಿಲ್ಲ' ಎಂದು ಹೊರಟುಹೋಗುತ್ತಾರೋ!

ಅವಳು ಹಿರಿಯರ ಜೊತೆ ಜಗಳಕ್ಕೆ ಹೋಗಲಿಲ್ಲ. ಸುಲಭದ ಸಮಸ್ಯೆಗಳನ್ನು ನನಗೇ ಕೊಡಿ ಎಂದು ಕೇಳಿದಳು. ಕೊಟ್ಟರು, ಏಕೆಂದರೆ ಅದು ಯಾರಿಗೂ ಬೇಡದ ಕೆಲಸ. ಬಲಶಾಲಿಗಳಾದ ಸೆಟ್ಟರುಗಳಿಗೆ ಕಠಿಣವಾದದ್ದನ್ನು ಬಿಗಿದು ಗೆಳೆಯರ ಮುಂದೆ ಏರಿ ತೋರಿಸುವುದರಲ್ಲಿ ಖುಷಿ. ಅಂಥವರು ಮೊದಲ ದಿನ ಗೋಡೆ ಮುಟ್ಟಿದಾಗ ಆದ ಭಯವನ್ನು ಎಂದೋ ಮರೆತಿರುತ್ತಾರೆ. ನಾನು ಓದಿದ ಮದ್ರಸದಲ್ಲಿ ಉಸ್ತಾದರು ಹತ್ತು ಮಕ್ಕಳಿಗೆ ಹತ್ತು ಸಬಕ್ ಕೊಡುತ್ತಿದ್ದರು, ಯಾರ ನಾಲಗೆ ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೆ. ಅಲಿಫ್ ಬಾ ಕಲಿಸಲು ಒಳ್ಳೆಯ ಉಸ್ತಾದರೇ ಬೇಕು ಎಂದು ಹಿರಿಯರು ಹೇಳುತ್ತಿದ್ದ ಮಾತು ಆಗ ನನಗೆ ಅರ್ಥವಾಗುತ್ತಿರಲಿಲ್ಲ.

ಅವಳ ಕೆಲಸದ ಕ್ರಮ ಹೀಗಿದೆ. ಸಮಸ್ಯೆ ಬಿಗಿದ ಮೇಲೆ ಮೊದಲು ತಾನು ಏರುತ್ತಾಳೆ. ಆಮೇಲೆ ಉದ್ದದವರೊಬ್ಬರು, ದಪ್ಪಗಿನವರೊಬ್ಬರು, ಸಾಧ್ಯವಾದರೆ ಅದೇ ತಿಂಗಳು ಸೇರಿದ ಒಬ್ಬರು. ಅವರು ಏರುವಾಗ ಬಾಯಿ ತೆರೆಯಬಾರದೆಂಬುದು ಅವಳ ಪಾಠದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗವಾಗಿತ್ತಂತೆ. 'ಎಡಗಾಲು, ಎಡಗಾಲು' ಎಂದು ಕೂಗಬೇಕೆನಿಸುತ್ತದೆ. ಕೂಗಿದರೆ ಸಮಸ್ಯೆಯ ತಪ್ಪು ಮುಚ್ಚಿಹೋಗುತ್ತದೆ. ಒಮ್ಮೆ ಅವಳು ಏಳು ಕಲ್ಲಿನ ದಾರಿಯೊಂದನ್ನು ಮೂರು ದಿನ ಕೂತು ಮಾಡಿದ್ದಳು. ಉದ್ದ ತೋಳಿನ ಹುಡುಗನೊಬ್ಬ ಬಂದು ಎರಡನೆಯದರಿಂದ ನೇರ ಆರನೆಯದಕ್ಕೆ ಕೈಚಾಚಿ ಮುಗಿಸಿ ಹೋದ. ಅಳು ಬಂತಂತೆ. ಮರುದಿನ ಆರನೆಯ ಕಲ್ಲನ್ನು ತುಸು ಓರೆಗೆ ತಿರುಗಿಸಿದಳು, ಕೆಳಗಿನಿಂದ ಚಾಚಿದವನಿಗೆ ಅದು ಜಾರುತ್ತದೆ, ಐದನೆಯದರಿಂದ ಪಕ್ಕಕ್ಕೆ ಬಂದವರಿಗೆ ಕೈ ಕೂರುತ್ತದೆ.

ಇನ್ನು ಆ ತಾಯಿಯ ಎರಡು ಪ್ರಶ್ನೆಗಳು. ಬಿದ್ದರೆ? ರಾತ್ರಿ ಕೆಲಸವೇ?

ಬೀಳುತ್ತಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಹಾಸು ಎಷ್ಟೇ ದಪ್ಪವಿದ್ದರೂ ಅಡ್ಡಾದಿಡ್ಡಿ ಬಿದ್ದರೆ ಕಣಕಾಲು, ಮಣಿಕಟ್ಟು ಉಳುಕುತ್ತವೆ, ಮುರಿಯುವುದೂ ಇದೆ. ಚಿಕ್ಕ ಅಂಚುಗಳಿಗೆ ಅತಿಯಾಗಿ ಜೋತುಬಿದ್ದರೆ ಬೆರಳಿನ ನರಕಟ್ಟುಗಳಿಗೆ ಪೆಟ್ಟಾಗುತ್ತದೆ. ಸೆಟ್ಟರಿನ ಜವಾಬ್ದಾರಿ ಇಲ್ಲಿಯೂ ಇದೆ. ಕಲ್ಲು ಇಡುವಾಗಲೇ ಇಲ್ಲಿ ಕೈ ಜಾರಿದರೆ ದೇಹ ಎಲ್ಲಿಗೆ ಬೀಳುತ್ತದೆ ಎಂದು ನೋಡಬೇಕು. ತುದಿಯ ಹತ್ತಿರ ಬೆನ್ನು ಕೆಳಗಾಗಿ ಬೀಳುವಂಥ ಚಲನೆ ಇಡಬಾರದು, ಬೀಳುವ ದಾರಿಯಲ್ಲಿ ಇನ್ನೊಂದು ಕಲ್ಲು ಚಾಚಿಕೊಂಡಿರಬಾರದು. ಏರುವವರಿಗೂ ನಿಯಮಗಳಿವೆ. ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳಿಗೆ: ಉಂಗುರ, ಬಳೆ ಬಿಚ್ಚಿಡಬೇಕು, ಮರೆಯಲೇಬಾರದು. ಬೀಳುವಾಗ ಉಂಗುರ ಕಲ್ಲಿಗೆ ಸಿಕ್ಕಿಕೊಂಡರೆ ಬೆರಳಿಗೇ ಅಪಾಯ. ಶಾಲಿನ ಅಂಚನ್ನು ಒಳಗೆ ಸೇರಿಸಿರಬೇಕು, ತೂಗಾಡುವ ತುದಿ ಇರಬಾರದು. ಉದ್ದ ತೋಳಿನ ಅಂಗಿ, ಸಡಿಲವಾದ ಪ್ಯಾಂಟು ಹಾಕಿಕೊಂಡು ಏರಲು ಯಾವ ಅಡ್ಡಿಯೂ ಇಲ್ಲ, ಇವಳು ಏರುವುದು ಹಾಗೆಯೇ. ಯಾರಾದರೂ ಏರುತ್ತಿರುವಾಗ ಕೆಳಗೆ ಮಕ್ಕಳನ್ನು ಓಡಾಡಲು ಬಿಡಬೇಡಿ, ಪೆಟ್ಟು ಏರುವವರಿಗಷ್ಟೇ ಆಗುವುದಿಲ್ಲ.

ರಾತ್ರಿಯ ಮಾತು. ಕೆಲವು ಕಡೆ ಗ್ರಾಹಕರಿಗೆ ಬಾಗಿಲು ಮುಚ್ಚಿದ ಮೇಲೆ ಸೆಟ್ ಮಾಡುತ್ತಾರೆ, ಅದು ನಿಜ. ಅವಳು ಈಗಿರುವಲ್ಲಿ ವಾರದ ಒಂದು ದಿನ ಬೆಳಗ್ಗೆ ಗೋಡೆಯ ಒಂದು ಭಾಗಕ್ಕೆ ಹಗ್ಗ ಕಟ್ಟಿ ಕೆಲಸ ಮುಗಿಸುತ್ತಾರೆ. ಸಂಜೆ ಮಗ್ರಿಬ್‌ನೊಳಗೆ ಕೋಣೆ ಸೇರುತ್ತಾಳೆ. ನಾನು ಇದನ್ನು ಅವಳಿಂದಷ್ಟೇ ಕೇಳಿ ಒಪ್ಪಲಿಲ್ಲ, ಬೆಂಗಳೂರಿಗೆ ಹೋದಾಗ ಹೋಗಿ ನೋಡಿ ಬಂದೆ. ಏಣಿಯ ಮೇಲೆ ಯಂತ್ರ ಹಿಡಿದು ನಿಂತಿದ್ದಳು, ಕಿವಿಗೆ ಶಬ್ದ ತಡೆಯುವ ಮುಚ್ಚಳ, ಕಣ್ಣಿಗೆ ಕನ್ನಡಕ. ಭುಜ ನೋಯುತ್ತದೆ, ಧೂಳು ಹೌದು. ಹಗುರದ ಕೆಲಸವೇನಲ್ಲ.

ಆ ದಿನ ಅವಳು ಮಾಡುತ್ತಿದ್ದದ್ದು ಮಕ್ಕಳ ಗೋಡೆ. ಜೇಬಿನಲ್ಲಿ ಗಂಟು ಹಾಕಿದ ಒಂದು ದಾರ. ಆರು ವರ್ಷದ ಮಗು ಎರಡೂ ಕೈ ಚಾಚಿದರೆ ಎಷ್ಟು, ಎಂಟು ವರ್ಷದ್ದು ಎಷ್ಟು ಎಂದು ಅಲ್ಲಿಗೆ ಬರುವ ಮಕ್ಕಳನ್ನೇ ನಿಲ್ಲಿಸಿ ಅಳೆದುಕೊಂಡದ್ದು. ಕಲ್ಲು ಬಿಗಿಯುವ ಮೊದಲು ಆ ದಾರ ಹಿಡಿದು ನೋಡುತ್ತಾಳೆ. "ದೊಡ್ಡವರು ಮಾಡಿದ ಮಕ್ಕಳ ದಾರಿಯಲ್ಲಿ ಬರೀ ದೊಡ್ಡ ದೊಡ್ಡ ಜಗ್ ಇರ್ತದೆ ಟೀಚರ್. ಮಕ್ಕಳ ಕೈ ಸಣ್ಣದು, ದೊಡ್ಡದನ್ನು ಹಿಡೀಲಿಕ್ಕೇ ಆಗುವುದಿಲ್ಲ" ಎಂದಳು. ಕೆಳಗೆ ಒಬ್ಬ ಚಿಕ್ಕ ಹುಡುಗಿ, ಏಳು ವರ್ಷದವಳಿರಬಹುದು, ಅರ್ಧ ಮುಗಿದ ದಾರಿಯನ್ನೇ ನೋಡುತ್ತಾ ಕೂತಿದ್ದಳು. "ಆಂಟಿ, ಆಯ್ತಾ?" ಎಂದು ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ಮೊದಲ ಸಲ ಬಿದ್ದಳು, ಎರಡನೆಯ ಸಲವೂ. ನನ್ನ ವಿದ್ಯಾರ್ಥಿನಿ ಏನೂ ಹೇಳದೆ ಕೈಕಟ್ಟಿ ನಿಂತಿದ್ದಳು. ಮೂರನೆಯ ಸಲ ಆ ಮಗು ತಾನಾಗಿಯೇ ಕಾಲು ಬದಲಿಸಿಕೊಂಡು ಮೇಲಕ್ಕೆ ಹೋಯಿತು.

ಊರಿಗೆ ಬಂದು ತಾಯಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಸಂಬಳ ಕಂಪೆನಿಯಲ್ಲಿ ಬರುತ್ತಿದ್ದಕ್ಕಿಂತ ಕಡಿಮೆ ಎಂಬುದನ್ನೂ ಹೇಳಿದೆ. ಕೆಲಸ ಬಿಡು ಎಂದೂ ಹೇಳಲಿಲ್ಲ, ಮಾಡು ಎಂದೂ ಹೇಳಲಿಲ್ಲ. ಅವರು ಬಹಳ ಹೊತ್ತು ಕೇಳಿಸಿಕೊಂಡರು. "ಆರು ವಾರ ಕಷ್ಟಪಟ್ಟು ಮಾಡಿದ್ದನ್ನು ಆಮೇಲೆ ಬಿಚ್ಚಿ ಹಾಕ್ತಾರಾ?" ಎಂಬುದೊಂದೇ ಅವರಿಗೆ ಜೀರ್ಣವಾಗಲಿಲ್ಲ. "ನಾವು ಮಾಡಿದ ಅಡಿಗೆ ಆರು ವಾರ ಇರ್ತದಾ?" ಎಂದು ಪಕ್ಕದಲ್ಲಿದ್ದ ಅವರ ನಾದಿನಿ ಕೇಳಿದಾಗ ನಕ್ಕರು.

ಈಗ ಅದೇ ಜಾಗದವರು ಅವಳಿಗೆ ಮೂರು ದಿನ ಗೋಡೆಯ ಕೆಲಸ, ಎರಡು ದಿನ ಅಲ್ಲಿಯದೇ ಲೆಕ್ಕಪತ್ರದ ಕೆಲಸ ಕೊಟ್ಟಿದ್ದಾರೆ. ಸಂಬಂಧ ಕೇಳಿಕೊಂಡು ಬಂದವರ ಮುಂದೆ ತಾಯಿ "ಅಕೌಂಟ್ಸ್ ನೋಡಿಕೊಳ್ತಾಳೆ" ಎನ್ನುತ್ತಾರೆ. ಸುಳ್ಳೇನಲ್ಲ. ಉಳಿದ ಮೂರು ದಿನದ ವಿಷಯವನ್ನು ಬಂದವರಿಗೆ ಅವಳೇ ಹೇಳುತ್ತಾಳೆ.